ಆಶುನಾಟಕಕ್ಕೆ ಮೊದಲಿನ ಆಟಗಳು: ನಗು ಬರುತ್ತದೆ, ಗಮನ ಬರುವುದಿಲ್ಲ

ಕದ್ರಿಯ ಹವ್ಯಾಸಿ | ಜುಲೈ 7

ರಂಗಾಸಕ್ತ ಮಿತ್ರರಿಗೆ ನಮಸ್ಕಾರ.

ಮಂಗಳೂರಿನಲ್ಲಿ ನಾವು 14 ಮಂದಿ ಕಳೆದ ನವೆಂಬರಿನಿಂದ ಪ್ರತಿ ಭಾನುವಾರ ಸಂಜೆ 4ರಿಂದ 6ರವರೆಗೆ ಆಶುನಾಟಕದ ಅಭ್ಯಾಸ ನಡೆಸುತ್ತಿದ್ದೇವೆ. ಬರೆದಿಟ್ಟ ಸಂಭಾಷಣೆ ಯಾವುದೂ ಇಲ್ಲದೆ, ಎದುರಿಗೆ ಕುಳಿತವರು ಕೊಟ್ಟ ಒಂದು ಮಾತನ್ನೋ ಒಂದು ಸ್ಥಳದ ಹೆಸರನ್ನೋ ಹಿಡಿದುಕೊಂಡು ನಿಂತ ನಿಲುವಿನಲ್ಲೇ ದೃಶ್ಯ ಕಟ್ಟುವುದು ನಮ್ಮ ಕೆಲಸ. ನಮ್ಮಲ್ಲಿ ಬ್ಯಾಂಕ್ ನೌಕರರು, ನರ್ಸಿಂಗ್ ಓದುತ್ತಿರುವ ಇಬ್ಬರು, ಒಬ್ಬ ಬೈಕ್ ಮೆಕ್ಯಾನಿಕ್, ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ; ಉಳಿದವರು ಕಾಲೇಜು ವಿದ್ಯಾರ್ಥಿಗಳು. ರಂಗಶಿಕ್ಷಣ ಪಡೆದವರು ಯಾರೂ ಇಲ್ಲ. ಅಭ್ಯಾಸ ನಡೆಸುವ ಹಾಲಿನ ಬೀಗದ ಕೈ ನನ್ನಲ್ಲಿರುವ ಕಾರಣಕ್ಕೆ ತಂಡವನ್ನು ನಡೆಸುವ ಹೊಣೆಯೂ ನನ್ನ ಪಾಲಿಗೆ ಬಂದಿದೆ, ಅಷ್ಟೆ.

ಮೊದಲ 20 ನಿಮಿಷಗಳನ್ನು ವಾರ್ಮ್‌ಅಪ್ ಆಟಗಳಿಗೆ ಇಟ್ಟುಕೊಂಡಿದ್ದೇವೆ. ಎಲ್ಲರೂ ಶಿಫಾರಸು ಮಾಡುವ 'ಝಿಪ್-ಝ್ಯಾಪ್-ಝಾಪ್' ಆಟವನ್ನು ತಪ್ಪದೆ ಆಡುತ್ತೇವೆ. ವೃತ್ತದಲ್ಲಿ ನಿಂತು ಒಬ್ಬರು ಚಪ್ಪಾಳೆ ತಟ್ಟಿ ಇನ್ನೊಬ್ಬರತ್ತ ಕೈ ಚಾಚಿ 'ಝಿಪ್' ಎನ್ನಬೇಕು, ಅವರು ಮತ್ತೊಬ್ಬರತ್ತ 'ಝ್ಯಾಪ್', ಆ ಮೂರನೆಯವರು 'ಝಾಪ್', ತಪ್ಪಿದವರು ಔಟ್. ಐದೇ ನಿಮಿಷಗಳಲ್ಲಿ ಹಾಲು ನಗೆಯಿಂದ ತುಂಬುತ್ತದೆ. ಆದರೆ ಔಟಾದವರು ಗೋಡೆಯ ಬದಿಗೆ ಸರಿದು ಮೊಬೈಲ್ ತೆಗೆಯುತ್ತಾರೆ, ಉಳಿದವರು ಗೆಲ್ಲುವ ಹಟಕ್ಕೆ ಬೀಳುತ್ತಾರೆ, ಆಟ ಮುಗಿದು ದೃಶ್ಯಕ್ಕೆ ಇಳಿದಾಗ ಆ ಚುರುಕುತನ ಎಲ್ಲಿಗೆ ಹೋಯಿತೆಂದು ಗೊತ್ತಾಗುವುದಿಲ್ಲ.

ಕಳೆದ ವಾರದ ಉದಾಹರಣೆ ಹೇಳುತ್ತೇನೆ. ಒಬ್ಬ ಹುಡುಗ ಏದುಸಿರು ಬಿಡುತ್ತಾ ಓಡಿ ಬಂದು, "ಅಕ್ಕ, ನಿಮ್ಮ ತೋಟದ ಬಾವಿಗೆ ನಾಯಿ ಬಿದ್ದಿದೆ" ಎಂದ. ಎದುರಿನ ಹುಡುಗಿ ಅಷ್ಟರಲ್ಲಾಗಲೇ ಕಲ್ಪನೆಯ ಕಾವಲಿಯ ಮುಂದೆ ಕುಳಿತು ದೋಸೆ ಹೊಯ್ಯುವ ದೃಶ್ಯವನ್ನು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದಳು. "ಬಾ, ಬಾ, ಬಿಸಿ ಇರುವಾಗಲೇ ಎರಡು ತಿನ್ನು" ಎಂದಳು. ಕುಳಿತವರು ನಕ್ಕರು. ದೃಶ್ಯ ಮುಗಿಯುವವರೆಗೂ ನಾಯಿ ಬಾವಿಯಲ್ಲೇ ಉಳಿಯಿತು.

ಇದಕ್ಕೆ ಪರಿಹಾರವೆಂದು ಎರಡು ವಾರ ಕಣ್ಣು ಮುಚ್ಚಿ ಕುಳ್ಳಿರಿಸಿ ಧ್ಯಾನ ಮಾಡಿಸಿ ನೋಡಿದೆ. ಭಾನುವಾರದ ಮೀನಿನ ಊಟ ಮುಗಿಸಿ ಬಂದವರಲ್ಲಿ ಇಬ್ಬರು ನಿದ್ದೆ ಹೋದರು. ಯಾವ ಆಟವನ್ನು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಆಡಿಸಿದರೆ ಗಮನ ದೃಶ್ಯದವರೆಗೂ ಉಳಿಯುತ್ತದೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಮಣಿಪಾಲದಿಂದ ಒಬ್ಬಳು | ಜುಲೈ 8

ನಮಸ್ಕಾರ. ವಿದ್ಯಾರ್ಥಿಗಳ ತಂಡವೊಂದಕ್ಕೆ ಕೆಲವು ವರ್ಷಗಳಿಂದ ಇಂಪ್ರೊವ್, ಅಂದರೆ ಆಶುನಾಟಕ, ಹೇಳಿಕೊಡುತ್ತಿದ್ದೇನೆ. ನಿಮ್ಮ ಬಾವಿಯ ನಾಯಿಯನ್ನು ನಾನೂ ಬೇರೆ ಬೇರೆ ವೇಷಗಳಲ್ಲಿ ಕಂಡಿದ್ದೇನೆ.

ಆಟಗಳ ವಿಷಯಕ್ಕೆ ಮೊದಲು ಒಂದು ಮಾತು. ಹುರುಪು ಬೇರೆ, ಗಮನ ಬೇರೆ. ನಿಮ್ಮ ತಂಡಕ್ಕೆ ಹುರುಪು ಸಾಕಷ್ಟಿದೆ. ಅದು ಯಾವುದರ ಮೇಲೆ ನೆಡಬೇಕೆಂಬುದನ್ನು ಆಟ ಹೇಳುತ್ತಿಲ್ಲ. ಈ ಬಗೆಯ ರಂಗ ಆಟಗಳನ್ನು ಒಂದು ಶಿಕ್ಷಣಕ್ರಮವಾಗಿ ಬೆಳೆಸಿದವರು ಅಮೆರಿಕದ ಶಿಕಾಗೊ ನಗರದ ವಯೋಲಾ ಸ್ಪೋಲಿನ್ (1906–1994). ನೀವಾ ಬಾಯ್ಡ್ ಎಂಬ ಸಮಾಜಸೇವಕಿಯಿಂದ ಆಟದ ಮೂಲಕ ಕಲಿಸುವ ವಿದ್ಯೆಯನ್ನು ಕಲಿತು, ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ನಾಟಕ ಮಾಡಿಸುತ್ತಾ ಅವರು ಈ ಆಟಗಳನ್ನು ರೂಪಿಸಿಕೊಂಡರು. 1959ರಲ್ಲಿ ಶಿಕಾಗೊದಲ್ಲಿ ಶುರುವಾದ 'ಸೆಕೆಂಡ್ ಸಿಟಿ' ತಂಡದ ಸ್ಥಾಪಕರಲ್ಲಿ ಅವರ ಮಗ ಪಾಲ್ ಸಿಲ್ಸ್ ಒಬ್ಬರು. 1963ರಲ್ಲಿ ಸ್ಪೋಲಿನ್ ಅವರ ಪುಸ್ತಕ ಬಂದಾಗ ಪ್ರತಿ ಆಟಕ್ಕೂ ಒಂದು 'ಗಮನಬಿಂದು' ಇತ್ತು. ಆಟಗಾರನ ಕಣ್ಣೋ ಕಿವಿಯೋ ಮೈಯೋ ಆ ಹೊತ್ತಿಗೆ ಯಾವ ಒಂದೇ ಸಂಗತಿಗೆ ಅಂಟಿಕೊಂಡಿರಬೇಕು ಎಂಬುದು ಅದರ ಅರ್ಥ. 'ಗಮನ ಕೊಡಿ' ಎಂದು ಗದರಿಸಿದರೆ ಜನ ಹುಬ್ಬು ಗಂಟಿಕ್ಕುತ್ತಾರೆ, ಬೇರೇನೂ ಆಗುವುದಿಲ್ಲ. 'ಅವರ ಕಣ್ಣು ನಿಮ್ಮ ಕಡೆಗೆ ಬಂದ ಮೇಲೆ ಮಾತ್ರ ಕೈ ಎತ್ತಿ' ಎಂದರೆ ಗಮನ ತಾನಾಗಿ ಬರುತ್ತದೆ.

ಆದ್ದರಿಂದ ಝಿಪ್-ಝ್ಯಾಪ್-ಝಾಪ್ ಆಟವನ್ನು ಬಿಡಬೇಕಾಗಿಲ್ಲ, ಬಿಚ್ಚಿ ಕಟ್ಟಬೇಕು. ಔಟ್ ಮಾಡುವುದನ್ನು ಇಂದೇ ನಿಲ್ಲಿಸಿ. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರನ್ನೇ ಮೊದಲು ಹೊರಗೆ ಕಳುಹಿಸುವ ಆಟದಿಂದ ಏನು ಪ್ರಯೋಜನ? ಮೊದಲ ಸುತ್ತಿನಲ್ಲಿ ಶಬ್ದವೂ ಬೇಡ, ಚಪ್ಪಾಳೆಯೂ ಬೇಡ, ಬರಿಯ ನೋಟವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಲಿ. ಎರಡನೆಯ ಸುತ್ತಿನಲ್ಲಿ ನೋಟದ ಹಿಂದೆ ಕೈ, ಮೂರನೆಯದರಲ್ಲಿ ಕೈಯ ಹಿಂದೆ ಶಬ್ದ. ವೇಗ ಅರ್ಧಕ್ಕೆ ಇಳಿಯುತ್ತದೆ, ಇಳಿಯಲಿ. ಗೊಂದಲವಾದಾಗ 'ಯಾರು ತಪ್ಪಿದರು' ಎಂದು ಕೇಳಬೇಡಿ. ನಾನು ಗಮನಿಸಿದಂತೆ ಹತ್ತರಲ್ಲಿ ಎಂಟು ಸಲ ತಪ್ಪು ಕಳುಹಿಸಿದವರದ್ದು: ಇಬ್ಬರ ನಡುವಿನ ಗಾಳಿಗೆ ಕೈ ತೋರಿಸಿ ತಾವು ಪಾರಾಗಿರುತ್ತಾರೆ. 'ನಾನು ಕಳುಹಿಸಿದ್ದು ಅವರಿಗೆ ಮುಟ್ಟಿತೇ' ಎಂಬುದು ಕಳುಹಿಸಿದವರ ಜವಾಬ್ದಾರಿ ಎಂದು ಒಂದೇ ಒಂದು ಸಲ ಹೇಳಿ ನೋಡಿ, ಆಟದ ಬಣ್ಣವೇ ಬದಲಾಗುತ್ತದೆ. ನಮ್ಮ ಹುಡುಗರು ಆ ಮೂರು ಶಬ್ದಗಳ ಜಾಗದಲ್ಲಿ 'ಇಡ್ಲಿ-ವಡೆ-ಬನ್ಸ್' ಎನ್ನುತ್ತಾರೆ, ಅದರಿಂದ ಹಸಿವಾಗುತ್ತದೆ ಎಂಬುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ.

ಇದರ ಬೆನ್ನಿಗೆ ಶಬ್ದದ ಚೆಂಡು. ಕಾಣದ ಚೆಂಡೊಂದನ್ನು ಏನಾದರೊಂದು ಸದ್ದಿನೊಂದಿಗೆ ಎಸೆಯಬೇಕು. ಹಿಡಿಯುವವರು ಮೊದಲು ಅದೇ ಸದ್ದನ್ನು, ಅದೇ ಭಾರದಲ್ಲಿ, ಅದೇ ಏರಿಳಿತದಲ್ಲಿ ಮರಳಿ ನುಡಿದು ಹಿಡಿದು, ಆಮೇಲೆ ತಮ್ಮದೊಂದು ಹೊಸ ಸದ್ದನ್ನು ಎಸೆಯಬೇಕು. ಹೊಸಬರು ಎಸೆಯುವುದರಲ್ಲಿ ಚಮತ್ಕಾರ ತೋರಿಸಲು ಹೋಗಿ ಹಿಡಿಯುವುದನ್ನು ಮರೆಯುತ್ತಾರೆ. ನಿಮ್ಮ ದೋಸೆಯ ಹುಡುಗಿ ಮಾಡಿದ್ದೂ ಇದನ್ನೇ. ಚೆಂಡು ಗಾಳಿಯಲ್ಲಿರುವಾಗ ತನ್ನ ಸದ್ದನ್ನು ಯೋಚಿಸುತ್ತಿರುವವರ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದ್ದ ಇಂಪ್ರೊವ್ ಗುರು ಕೀತ್ ಜಾನ್‌ಸ್ಟನ್ (1933–2023) ತಮ್ಮ ನಟರಿಗೆ ಜಾಣರಾಗಲು ಹೋಗಬೇಡಿ, ಸಾಧಾರಣರಾಗಿರಿ ಎಂದು ಹೇಳುತ್ತಿದ್ದದ್ದು ಈ ಕಾರಣಕ್ಕೆ. ನಾಯಿ ಬಾವಿಗೆ ಬಿದ್ದಿದೆ ಎಂದರೆ ಸಾಧಾರಣ ಮನುಷ್ಯ ಹಗ್ಗ ಹುಡುಕುತ್ತಾನೆ. ದೃಶ್ಯಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಕೊನೆಗೆ 20ರವರೆಗೆ ಎಣಿಸುವ ಆಟ. ವೃತ್ತದಲ್ಲಿ ಒತ್ತಾಗಿ ನಿಂತು ನೆಲ ನೋಡುತ್ತಾ, ಯಾರಾದರೂ ಒಬ್ಬರು 'ಒಂದು' ಎನ್ನಬೇಕು, ಮತ್ತೆ ಯಾರಾದರೂ 'ಎರಡು'. ಸನ್ನೆಯಿಲ್ಲ, ಸರದಿಯಿಲ್ಲ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಮತ್ತೆ ಒಂದರಿಂದ. ಕೇಳಿದರೆ ಮಕ್ಕಳಾಟ ಎನಿಸುತ್ತದೆ. ಎಷ್ಟೋ ವಾರ 9 ದಾಟಲಾಗದೆ ಒದ್ದಾಡಿದ್ದೇವೆ. ಇಲ್ಲಿ ಗಮನಬಿಂದು ಸಂಖ್ಯೆಯಲ್ಲ, ಮೌನ. ಪಕ್ಕದವರು ಉಸಿರು ತೆಗೆದುಕೊಂಡದ್ದು ಕೇಳುವಷ್ಟು ತಗ್ಗಬೇಕು. ಒಂದೇ ಜಾಗದಲ್ಲಿ ನಾಲ್ಕೈದು ಸಲ ಮುರಿದರೆ ಎಲ್ಲರೂ ಒಟ್ಟಿಗೆ ಒಮ್ಮೆ ಉಸಿರು ಬಿಟ್ಟು ಶುರು ಮಾಡಿ. 20 ಮುಟ್ಟದಿದ್ದರೂ 6 ನಿಮಿಷಕ್ಕೆ ನಿಲ್ಲಿಸಿ, ತಕ್ಷಣ, ನಡುವೆ ಚಹಾ-ಮಾತು ಯಾವುದೂ ಇಲ್ಲದೆ, ಇಬ್ಬರನ್ನು ದೃಶ್ಯಕ್ಕೆ ಕಳುಹಿಸಿ.

ಧ್ಯಾನದ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅದು ಮನುಷ್ಯನನ್ನು ಅವನೊಳಗೆ ಕಳುಹಿಸುತ್ತದೆ. ನಿಮಗೆ ಬೇಕಾದದ್ದು ಎದುರಿನವರ ಮೇಲಿನ ಗಮನ. ಶಾಂತವಾದ ಆಟವೇ ಬೇಕೆಂದಾದರೆ ಕನ್ನಡಿಯಾಟ ಆಡಿಸಿ. ಇಬ್ಬರು ಎದುರುಬದುರು ನಿಂತು ಒಬ್ಬರ ಚಲನೆಯನ್ನು ಇನ್ನೊಬ್ಬರು ಪ್ರತಿಬಿಂಬಿಸುವುದು, ಸ್ವಲ್ಪ ಹೊತ್ತಿನ ಮೇಲೆ ಮುಂದಾಳು ಬದಲಾಗುವುದು, ಆಮೇಲೆ ಮುಂದಾಳೇ ಇಲ್ಲದೆ ಪರಸ್ಪರ ಹಿಂಬಾಲಿಸುವುದು. ಎದುರಿನವರನ್ನು ಯಾಮಾರಿಸುವ ಚಪಲ ಎಲ್ಲರಿಗೂ ಬರುತ್ತದೆ. ಬದಿಯಲ್ಲಿ ನಿಂತು ನೋಡುವವರಿಗೆ ಮುಂದಾಳು ಯಾರೆಂದು ಗುರುತಾಗಬಾರದು, ಅಷ್ಟು ನಿಧಾನವಾಗಿ ಮಾಡಿ ಎಂದರೆ ಆ ಚಪಲ ಇಳಿಯುತ್ತದೆ.

ತಾಳಮದ್ದಳೆಯ ಹಿಂದಿನ ಸಾಲು | ಜುಲೈ 9

ಮೇಲಿನವರ ಮಾತುಗಳಿಗೆ ನನ್ನ ಸಹಮತವಿದೆ. ಉಡುಪಿಯ ಕಡೆಯವನಾದ ನಾನು ನಾಟಕಕ್ಕಿಂತ ತಾಳಮದ್ದಳೆಯನ್ನು, ಅಂದರೆ ಯಕ್ಷಗಾನದ ಮಾತಿನ ಕೂಟವನ್ನು, ಹೆಚ್ಚು ಕೇಳಿದವನು, ಆಗಾಗ ಸಣ್ಣ ಅರ್ಥ ಹೇಳಿದವನು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಉದ್ದಕ್ಕೂ ನಮ್ಮಲ್ಲಿ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿದೆ, ಅದರ ಮೇಲೆ ಅರ್ಥಧಾರಿ ಆಡುವ ಮಾತು ಮಾತ್ರ ಆ ಕ್ಷಣದ್ದು. ಇಂಪ್ರೊವ್ ಎಂಬ ಪದ ಈ ಊರಿಗೆ ಹೊಸದಿರಬಹುದು, ವಿದ್ಯೆ ಹೊಸದಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಅರ್ಥಗಾರಿಕೆಯ ಧ್ವನಿಮುದ್ರಣಗಳನ್ನು ನಿಮ್ಮ ತಂಡಕ್ಕೆ ಒಮ್ಮೆ ಕೇಳಿಸಿ. ವಾದ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮಾತ್ರ ಗಮನಿಸಲು ಹೇಳಿ. ಎದುರಾಳಿಯ ಮಾತಿನೊಳಗಿನ ಒಂದು ಪದವೇ ಹಿಡಿಕೆಯಾಗುತ್ತದೆ. ಮನೆಯಲ್ಲೇ ಕಟ್ಟಿಕೊಂಡು ಬಂದ ಉತ್ತರ ಎಷ್ಟೇ ಚಂದವಿದ್ದರೂ ಕೂಟದಲ್ಲಿ ಕುಳಿತ ಅಜ್ಜಂದಿರಿಗೆ ಅದು ತಂಗಳೆಂದು ತಕ್ಷಣ ತಿಳಿಯುತ್ತದೆ. ಅವರು ಎಲೆಯಡಿಕೆ ತಟ್ಟೆಯ ಕಡೆಗೆ ಕೈ ಚಾಚುತ್ತಾರೆ.

ಇದರಿಂದ ನಾನು ಮಾಡಿಕೊಂಡ ಆಟವೊಂದಿದೆ. ಇಬ್ಬರು ಮಾತನಾಡಬೇಕು, ಆದರೆ ಒಬ್ಬರ ವಾಕ್ಯದ ಕೊನೆಯ ಪದದಿಂದಲೇ ಇನ್ನೊಬ್ಬರ ವಾಕ್ಯ ಆರಂಭವಾಗಬೇಕು. ಅಂತ್ಯಾಕ್ಷರಿಯನ್ನು ಬಲ್ಲವರಿಗೆ ನಿಯಮ ಸುಲಭ. ಈ ಆಟ ಕನ್ನಡದಲ್ಲಿ ವಿಶೇಷವಾಗಿ ಕೆಲಸ ಮಾಡುವುದಕ್ಕೆ ನಮ್ಮ ವಾಕ್ಯದ ಕಟ್ಟಡವೇ ಕಾರಣ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ, ಹೌದು-ಅಲ್ಲ ಎಂಬುದು ಆ ಕ್ರಿಯಾಪದದ ಬಾಲದಲ್ಲಿರುತ್ತದೆ. 'ನಾಳೆ ಬೆಳಿಗ್ಗೆ ನಿಮ್ಮ ಜೊತೆ ಮಲ್ಪೆಗೆ ನಾನು ಬರು' ಎಂಬಲ್ಲಿಯವರೆಗೆ ಕೇಳಿದರೂ ಬರುತ್ತೇನೆಯೋ ಬರುವುದಿಲ್ಲವೋ ಗೊತ್ತಾಗುವುದಿಲ್ಲ. ಅರ್ಧಕ್ಕೆ ಕಿವಿ ಮುಚ್ಚಿ ಉತ್ತರ ಹೊಸೆಯಲು ತೊಡಗಿದವನು ಬಾಗಿಲಲ್ಲೇ ಸಿಕ್ಕಿಬೀಳುತ್ತಾನೆ. 'ಬರುವುದಿಲ್ಲ ಎಂದು ನಿನ್ನೆಯೇ ಹೇಳಬಹುದಿತ್ತಲ್ಲ, ದೋಣಿಯವನಿಗೆ ಮುಂಗಡ ಕೊಟ್ಟಾಯಿತು' ಎಂದು ಮುಂದುವರಿಸಿದಾಗ ದೃಶ್ಯವೂ ತಾನಾಗಿ ಹುಟ್ಟಿರುತ್ತದೆ. ಆಟ ಮುಗಿಸಿ ದೃಶ್ಯ ಶುರು ಮಾಡುವ ಕಷ್ಟವೇ ಇಲ್ಲ. ನಿಯಮವನ್ನು ಮೆಲ್ಲನೆ ಸಡಿಲಿಸಿದರಾಯಿತು.

ಇನ್ನೊಂದು ತಾಳದ ಆಟ. ತ್ರಿವುಡೆ ತಾಳಕ್ಕೆ 7 ಅಕ್ಷರ. ವೃತ್ತದಲ್ಲಿ ಸರದಿಯಂತೆ ಒಬ್ಬೊಬ್ಬರು ಒಂದೊಂದು ಸಂಖ್ಯೆಯನ್ನು 1ರಿಂದ 7ರವರೆಗೆ ಹೇಳುತ್ತಾ ಹೋಗಬೇಕು, 7 ಆದ ಮೇಲೆ ಮುಂದಿನವರು ಮತ್ತೆ 1. ಲಯ ಓಡಬಾರದು, ಎಳೆಯಲೂ ಬಾರದು. ಆಮೇಲೆ 1ನ್ನು ಹೇಳುವ ಬದಲು ಚಪ್ಪಾಳೆ, ಮುಂದೆ 4ರ ಜಾಗದಲ್ಲಿ ಮೌನ. ಇಲ್ಲಿ ಒಂದು ಲೆಕ್ಕವಿದೆ. ನಿಮ್ಮಂತೆ 14 ಮಂದಿ ನಿಂತರೆ ಪ್ರತಿ ಸುತ್ತಿನಲ್ಲೂ ಒಬ್ಬರಿಗೆ ಅದೇ ಸಂಖ್ಯೆ ಬರುತ್ತದೆ, ಏಕೆಂದರೆ 14ರಲ್ಲಿ ಎರಡು 7 ಸರಿಯಾಗಿ ಕೂರುತ್ತವೆ. ಆಗ ಕಿವಿಗೆ ಕೆಲಸವಿಲ್ಲ. 8 ಮತ್ತು 6ರ ಎರಡು ಗುಂಪು ಮಾಡಿ. 8ರ ಗುಂಪಿನಲ್ಲಿ ನಿಮ್ಮ ಸಂಖ್ಯೆ ಪ್ರತಿ ಸುತ್ತಿಗೆ ಒಂದು ಮುಂದಕ್ಕೆ ಹೋಗುತ್ತದೆ, 6ರ ಗುಂಪಿನಲ್ಲಿ ಒಂದು ಹಿಂದಕ್ಕೆ ಬರುತ್ತದೆ. ಯಾರೂ ತಮ್ಮ ಸಂಖ್ಯೆಯನ್ನು ಕಾದಿಟ್ಟುಕೊಳ್ಳುವಂತಿಲ್ಲ.

ತಾಳ ತಪ್ಪಿದವರನ್ನು ದಯವಿಟ್ಟು ಅಣಕಿಸಬೇಡಿ. ಚಿಕ್ಕಂದಿನಲ್ಲಿ ನನಗೆ ಹಾಗೆ ಆಗಿ ಎರಡು ವರ್ಷ ಆ ಕಡೆಗೆ ಕಾಲಿಡಲಿಲ್ಲ.

ಕುಂದಾಪುರದ ಮೇಷ್ಟ್ರು | ಜುಲೈ 9

ಎಲ್ಲರೂ ಆಟಗಳನ್ನು ಕೊಡುತ್ತಿದ್ದೀರಿ, ನಾನು ಸ್ವಲ್ಪ ಹುಳಿ ಹಿಂಡುತ್ತೇನೆ, ಕ್ಷಮೆಯಿರಲಿ. ಯಾವುದೇ ಆಟವನ್ನು ನಾಲ್ಕು ವಾರ ಆಡಿದರೆ ಆ ಆಟದಲ್ಲಿ ಪಳಗುತ್ತೇವೆ, ನಾಟಕದಲ್ಲಿ ಅಲ್ಲ. ನನ್ನ ಶಾಲೆಯ ಮಕ್ಕಳು ಎಣಿಸುವ ಆಟದಲ್ಲಿ 20 ದಾಟಿ 30ಕ್ಕೆ ಹೋಗುತ್ತಾರೆ, ಮರುಕ್ಷಣ ರಂಗದ ಮೇಲೆ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಾರೆ.

ಇಲ್ಲಿನ ಸಿಟಿ ಬಸ್ಸಿನ ಕಂಡಕ್ಟರನ್ನು ನೋಡಿ. ಒಂದು ಕಾಲು ಫುಟ್‌ಬೋರ್ಡಿನಲ್ಲಿ, ಬಾಯಲ್ಲಿ ವಿಸಿಲು, ಬೆರಳುಗಳ ಸಂದಿಯಲ್ಲಿ ಮಡಚಿದ ನೋಟು. ಆದರೂ ಹಿಂದಿನ ಸೀಟಿನಲ್ಲಿ ಟಿಕೆಟು ಮಾಡದೆ ಕಿಟಕಿಯ ಹೊರಗೆ ನೋಡುತ್ತಿರುವವನು ಯಾರೆಂದು ಅವನಿಗೆ ಗೊತ್ತು. ಅವನಿಗೆ ಯಾರೂ ವಾರ್ಮ್‌ಅಪ್ ಮಾಡಿಸಿಲ್ಲ. ಕೈಯಲ್ಲಿ ಕೆಲಸವಿದೆ, ಆದ್ದರಿಂದ ಗಮನವಿದೆ.

ಹಾಗಾಗಿ ನಾನು ಮಾಡಿಸುವುದು ಒಂದೇ. ಇಬ್ಬರು ನೆಲದ ಮೇಲೆ ಕುಳಿತು 3 ನಿಮಿಷ ಮಾತಿಲ್ಲದೆ ಒಂದು ಹಲಸಿನ ಹಣ್ಣನ್ನು ಬಿಡಿಸಬೇಕು. ಹಣ್ಣೂ ಇಲ್ಲ, ಮೆಟ್ಟುಕತ್ತಿಯೂ ಇಲ್ಲ, ಎಲ್ಲ ಗಾಳಿಯಲ್ಲಿ. ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು. ಹಚ್ಚಿಕೊಳ್ಳದೆ ಕೈ ಹಾಕಿದವರಿಗೆ ಅಂಟು ಹತ್ತಿದೆ, ಅದನ್ನು ಕೊನೆಯವರೆಗೂ ಅನುಭವಿಸಬೇಕು. ಹಣ್ಣಿನ ಭಾರ ಇಬ್ಬರ ಕೈಯಲ್ಲೂ ಒಂದೇ ಇರಬೇಕು. ಒಬ್ಬರು ತೆಗೆದ ತೊಳೆಯನ್ನು ಇನ್ನೊಬ್ಬರು ಇಟ್ಟ ಪಾತ್ರೆಗೇ ಹಾಕಬೇಕು, ಪಾತ್ರೆ ಜರುಗಬಾರದು. ನಾಲ್ಕನೆಯ ನಿಮಿಷದಲ್ಲಿ ಮಾತನಾಡಲು ಬಿಡಿ. ಅಷ್ಟರಲ್ಲಿ ಎದುರಿನವರನ್ನು ನೋಡುವ ಅಭ್ಯಾಸ ಅವರ ಕೈಗೆ ಬಂದಿರುತ್ತದೆ.

ಸಣ್ಣವರಿದ್ದರೆ ಕೆರೆ-ದಡ ಆಡಿಸಬಹುದು. ತಪ್ಪಿ ಹಾರಿದವರನ್ನು ಹೊರಗೆ ಹಾಕದೆ ಕೂಗುವ ಕೆಲಸ ಕೊಡಿ.

ಮಣಿಪಾಲದಿಂದ ಒಬ್ಬಳು | ಜುಲೈ 10

ಮೇಷ್ಟ್ರ ಹಲಸಿನ ಹಣ್ಣನ್ನು ಈ ವಾರವೇ ಕದಿಯುತ್ತೇನೆ. ಆದರೆ ಅದೂ ಒಂದು ಆಟವೇ, ಅದರ ಗಮನಬಿಂದು ಪಾತ್ರೆ ಜರುಗಬಾರದು ಎಂಬುದು. ಇಲ್ಲದ ವಸ್ತುವನ್ನು ಇರುವಂತೆ ನಿರ್ವಹಿಸುವ ಅಭ್ಯಾಸಕ್ಕೆ ಸ್ಪೋಲಿನ್ ಅವರ ಆಟಗಳಲ್ಲಿ ದೊಡ್ಡ ಪಾಲೇ ಇದೆ. ಪಳಗಿದ ಆಟವನ್ನು ಬಿಡಬೇಕು ಎಂಬ ಮಾತು ಮಾತ್ರ ನೂರಕ್ಕೆ ನೂರು ಸರಿ. ತಂಡಕ್ಕೆ ಯಾವ ಆಟ ಸಲೀಸಾಯಿತೋ ಅದಕ್ಕೆ ಮುಂದಿನ ವಾರ ಒಂದು ಹೊಸ ಕಷ್ಟ ಸೇರಿಸಬೇಕು, ಇಲ್ಲವೇ ಎರಡು ತಿಂಗಳು ಪೆಟ್ಟಿಗೆಯಲ್ಲಿಡಬೇಕು.

ಕದ್ರಿಯ ಹವ್ಯಾಸಿ | ಜುಲೈ 29

ಎಲ್ಲರಿಗೂ ಧನ್ಯವಾದಗಳು. ಮೂರು ಭಾನುವಾರಗಳು ಕಳೆದಿವೆ, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಔಟ್ ಮಾಡುವುದನ್ನು ನಿಲ್ಲಿಸಿದ ದಿನವೇ ಮೊಬೈಲುಗಳು ಚೀಲದಲ್ಲಿ ಉಳಿದವು. ಇದಕ್ಕಾಗಿ ನಾನು ಎಂಟು ತಿಂಗಳು ಗದರಿಸಿದ್ದು ವ್ಯರ್ಥವೆಂದು ಈಗ ತಿಳಿಯಿತು. ನೋಟವನ್ನು ಮಾತ್ರ ದಾಟಿಸುವ ಸುತ್ತು ಆರಂಭದಲ್ಲಿ ಎಲ್ಲರಿಗೂ ಮುಜುಗರ ತಂದಿತು. "ಎಂತ ಮಾರಾಯ್ರೆ, ಹೀಗೆ ನೋಡಿದರೆ ನಗು ಬರುವುದಿಲ್ಲವಾ?" ಎಂದು ನಮ್ಮ ಮೆಕ್ಯಾನಿಕ್ ಹೇಳಿದ. ನಗು ಬಂದರೆ ಬರಲಿ, ನೋಟ ತೆಗೆಯಬೇಡಿ ಎಂದೆ. ಎರಡನೆಯ ವಾರಕ್ಕೆ ನಗು ನಿಂತಿತು.

ಎಣಿಸುವ ಆಟಕ್ಕೆ ಮೊದಲ ಭಾನುವಾರ ಮಳೆಯೇ ಅಡ್ಡಿಯಾಯಿತು. ನಮ್ಮ ಹಾಲಿನ ಒಂದು ಪಾರ್ಶ್ವಕ್ಕೆ ತಗಡಿನ ಮಾಡು ಇದೆ. ಮಳೆ ಹೊಯ್ದಾಗ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಬಿಟ್ಟುಬಿಡೋಣ ಎಂದುಕೊಂಡವನು, ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಿ ನೋಡಿದೆ. ಉಸಿರು ಕೇಳಿಸುವುದಿಲ್ಲ ನಿಜ, ಆದರೆ ಮಾತಿಗೆ ಮೊದಲು ಪಕ್ಕದವರ ಎದೆ ಉಬ್ಬುವುದು ಭುಜಕ್ಕೆ ತಿಳಿಯುತ್ತದೆ. ಆ ದಿನ 13ರವರೆಗೆ ಹೋದೆವು. ಎರಡನೆಯ ವಾರ ಬಹಳ ಬೇಗ 17 ಮುಟ್ಟಿದಾಗ ನನಗೆ ಹೆಮ್ಮೆಯಾಯಿತು. ನಮ್ಮ ನಿವೃತ್ತ ಹಿರಿಯರು ಮೆಲ್ಲನೆ ನನ್ನ ಬಳಿ ಬಂದು, ಹುಡುಗರು ಗೊತ್ತಿಲ್ಲದೆಯೇ ಎಡದಿಂದ ಬಲಕ್ಕೆ ಸರದಿ ಹಿಡಿದಿದ್ದಾರೆ ಎಂದು ತೋರಿಸಿಕೊಟ್ಟರು. ಬೆನ್ನು ತಿರುಗಿಸಿ, ಹಾಲಿನ ತುಂಬ ಚದುರಿಸಿ ನಿಲ್ಲಿಸಿದೆ. ಮತ್ತೆ 6ಕ್ಕೆ ಇಳಿಯಿತು. ಮೊನ್ನೆ 20 ಆಯಿತು. ಆಗ ಎಲ್ಲರೂ ಕುಣಿದು, ಅಪ್ಪಿಕೊಂಡು, ಸೆಲ್ಫಿ ತೆಗೆದುಕೊಂಡು, ಅದರ ನಂತರದ ದೃಶ್ಯ ಈ ವರ್ಷದ ಅತ್ಯಂತ ಕೆಟ್ಟ ದೃಶ್ಯವಾಯಿತು. ತಕ್ಷಣ ದೃಶ್ಯಕ್ಕೆ ಕಳುಹಿಸಿ ಎಂದು ನೀವು ಬರೆದದ್ದರ ಬೆಲೆ ಅಲ್ಲಿ ಗೊತ್ತಾಯಿತು.

ಕೊನೆಯ ಪದದ ಆಟದಿಂದ ಉತ್ತೇಜಿತನಾಗಿ, ಇಂಗ್ಲಿಷ್ ತಂಡಗಳು ಆಡುವ 'ಒಬ್ಬರಿಗೆ ಒಂದು ಪದ' ಎಂಬ ಕಥೆಯಾಟವನ್ನೂ ಆಡಿಸಿದೆ. ಕನ್ನಡದಲ್ಲಿ ಅದು ವಿಚಿತ್ರವಾಗಿ ಕೈಕೊಟ್ಟಿತು. 'ಅಜ್ಜ', 'ಕೊಡೆ', 'ಹಿಡಿದುಕೊಂಡು', 'ಮಾರ್ಕೆಟಿಗೆ', 'ಹೋಗಿ', 'ಬಂಗುಡೆ', 'ತೆಗೆದುಕೊಂಡು', 'ಬಂದು', 'ತೊಳೆದು'... ಹೀಗೆ ಎಲ್ಲರೂ ವಾಕ್ಯವನ್ನು ಮುಂದಿನವರ ತಲೆಗೆ ಕಟ್ಟುತ್ತಾ ಹೋದರು. 14 ಮಂದಿಯ ಸುತ್ತು ಮುಗಿದರೂ ಅಜ್ಜ ಏನು ಮಾಡಿದನೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕ್ರಿಯೆಯನ್ನು ಮುಗಿಸುವ ಪದ ಹೇಳಿದವರು ಒಂದು ಹೆಜ್ಜೆ ವೃತ್ತದ ಒಳಗೆ ಬರಬೇಕೆಂಬ ನಿಯಮ ಸೇರಿಸಿದೆ. ಆಗ ನರ್ಸಿಂಗ್ ಓದುವ ಹುಡುಗಿ ಮುಂದೆ ಬಂದು "ಅತ್ತನು" ಎಂದಳು. ಹಾಲು ಸ್ತಬ್ಧವಾಯಿತು. ಬಂಗುಡೆ ತೊಳೆದು ಅಜ್ಜ ಏಕೆ ಅತ್ತ ಎಂಬ ಪ್ರಶ್ನೆಯಿಂದ ಆ ಸಂಜೆಯ ಒಳ್ಳೆಯ ದೃಶ್ಯ ಹುಟ್ಟಿತು.

ತ್ರಿವುಡೆಯಲ್ಲಿ 8ರ ಗುಂಪಿಗಿಂತ 6ರ ಗುಂಪು ಹೆಚ್ಚು ಒದ್ದಾಡಿತು, ಸಂಖ್ಯೆ ಹಿಂದಕ್ಕೆ ಬರುವುದು ತಲೆಗೆ ಒಗ್ಗುವುದಿಲ್ಲ. ಹಲಸಿನ ಹಣ್ಣಿನ ಬಗ್ಗೆ ಒಂದೇ ಮಾತು: ಬಿಡಿಸಿ ಮುಗಿಸಿದ ಮೆಕ್ಯಾನಿಕ್ ಎದ್ದು ನಡೆದಾಗ, ಕುಳಿತು ನೋಡುತ್ತಿದ್ದ ಐದಾರು ಮಂದಿ ಒಟ್ಟಿಗೆ "ಕತ್ತಿ, ಕತ್ತಿ!" ಎಂದು ಕಿರುಚಿದರು. ಅವನು ಇಲ್ಲದ ಮೆಟ್ಟುಕತ್ತಿಯ ಮೇಲೆ ಕಾಲಿಡುವುದರಲ್ಲಿದ್ದ.

ಉಳಿದದ್ದು ಒಂದು ತೊಡಕು. ಸುರತ್ಕಲ್ ಕಡೆಯಿಂದ ಬರುವ ಇಬ್ಬರು ಬಸ್ಸಿನ ಕಾರಣಕ್ಕೆ ಪ್ರತಿ ವಾರ ಹತ್ತು ನಿಮಿಷ ತಡ. ಎಣಿಸುವ ಆಟದ ನಡುವೆ ಬಾಗಿಲು ತೆರೆದರೆ ಎಲ್ಲವೂ ಚೆಲ್ಲಾಪಿಲ್ಲಿ. ಅವರನ್ನು ಹೊರಗೆ ಕಾಯಿಸಲು ಮನಸ್ಸು ಬರುವುದಿಲ್ಲ.

ಮಣಿಪಾಲದಿಂದ ಒಬ್ಬಳು | ಜುಲೈ 30

ಬಾಗಿಲನ್ನು ತೆರೆದೇ ಇಡಿ. ಬಂದವರು ನಮಸ್ಕಾರ ಹೇಳದೆ, ಚೀಲ ಇಳಿಸಿ, ವೃತ್ತದ ಹೊರಗೆ ನಿಂತು ಕೇಳುವ ಕೆಲಸ ಮಾಡಲಿ: ಎಣಿಕೆ ಯಾವ ಸಂಖ್ಯೆಯಲ್ಲಿ, ಯಾರ ಯಾರ ದನಿ ಡಿಕ್ಕಿ ಹೊಡೆದು ಮುರಿಯಿತು ಎಂದು ಅವರೇ ಹೇಳಬೇಕು. ಒಳಗಿನವರು ಮುಂದಿನ ಸಲ ಒಂದರಿಂದ ಶುರು ಮಾಡುವಾಗ ಅವರೂ ಸೇರಿಕೊಳ್ಳಲಿ. ಒದ್ದೆಯಾದ ಕೊಡೆಗಳನ್ನು ಮಾತ್ರ ಬಾಗಿಲಿನ ಹೊರಗೇ ಇಡಿಸಿ. ರೆಡ್ ಆಕ್ಸೈಡ್ ನೆಲವಾದರೆ ಬೆನ್ನು ತಿರುಗಿಸಿ ನಡೆದಾಡುವ ಆಟಗಳಲ್ಲಿ ಜಾರುವುದು ಖಂಡಿತ.